ಬೇರೆ ಇಟ್ಟ ಬುಟ್ಟಿ

ಗಂಡ ತೀರಿಕೊಂಡ ವರ್ಷದಿಂದ ಮಾಣಿಕಮ್ಮ ಹುಮನಾಬಾದ್ ರಸ್ತೆಯ ಮಠದ ದಾಸೋಹದಲ್ಲಿ ದುಡಿಯುತ್ತಿದ್ದಳು. ಯಾರಿಗೂ ಎದುರು ಮಾತಾಡಿದವಳಲ್ಲ. ಪುರಾಣ ಮುಗಿಯುವ ದಿನ ಸುತ್ತಲಿನ ಹೆಂಗಸರು ಮನೆಯಲ್ಲಿ ಬಡಿದ ಜೋಳದ ರೊಟ್ಟಿಯನ್ನು ಬುಟ್ಟಿಯಲ್ಲಿ ಹೊತ್ತು ತರುವುದು ಅಲ್ಲಿಯ ಪದ್ಧತಿ.

ಈ ಸಲ ಮಂಠಾಳದ ದಲಿತ ಕೇರಿಯವರೂ ತಂದರು. ಮಠದ ಸಮಿತಿಯ ಅಧ್ಯಕ್ಷ ಶಿವಶರಣಪ್ಪ ಕೈಮುಗಿದು ಅವರ ಬುಟ್ಟಿ ಇಳಿಸಿಕೊಂಡರು, ಫೋಟೊ ತೆಗೆಸಿಕೊಂಡರು, ವೇದಿಕೆಯೇರಿ ಎಲ್ಲರೂ ಒಂದೇ ಎಂದು ಭಾಷಣ ಬಿಗಿದರು. ಕೆಳಗಿಳಿದವರೇ ಮಾಣಿಕಮ್ಮನ ಹತ್ತಿರ ಬಂದು, "ಆ ಬುಟ್ಟಿ ಬ್ಯಾರೆ ಇಡವ್ವ. ದನಕ್ಕ ಹಾಕಿದ್ರಾಯ್ತು" ಎಂದು ಪಿಸುಗುಟ್ಟಿದರು.

ಮಾಣಿಕಮ್ಮನ ಮೈ ಉರಿದುಹೋಯಿತು. ಬುಟ್ಟಿಯನ್ನೆತ್ತಿ ದೊಡ್ಡ ರಾಶಿಯ ಮೇಲೆ ಸುರಿದಳು. ಎರಡೂ ಕೈ ಹಾಕಿ ಕಲೆಸಿದಳು.

"ಈಗ ಆರಿಸ್ರಿ! ಯಾವುದು ಯಾರ ಮನೀದು ಹೇಳ್ರಿ! ಮೂರು ಹೊತ್ತು ಲಿಂಗಪೂಜಿ ಮಾಡೋರಿಗೆ ಇಷ್ಟೂ ತಿಳಿಯಂಗಿಲ್ಲೇನ್ರಿ?"

ಪಂಕ್ತಿ ಕೂತಿತು. ಅಧ್ಯಕ್ಷರ ತಟ್ಟೆಗೆ ಅವಳೇ ಎರಡು ರೊಟ್ಟಿ ಹಾಕಿದಳು. ಅವರು ತಟ್ಟೆ ಸರಿಸಿ, "ಇವತ್ತ ನಂದು ಉಪವಾಸ ಅದ" ಎಂದರು.

"ಹೌದ್ರಿ," ಎಂದಳು ಮಾಣಿಕಮ್ಮ, ಪಂಕ್ತಿಗೆಲ್ಲ ಕೇಳುವಂತೆ. "ಮುಂಜಾನಿ ನಾನು ಹಾಕಿದ ಎರಡು ಪ್ಲೇಟ್ ಉಪ್ಪಿಟ್ಟು ತಿಂದು ಹಿಡದ ಉಪವಾಸ!"