ಪೀಠದ ಮೇಲಿದ್ದ ಮೂರು ತೆನೆ

ನಾನು ಹುಟ್ಟಾ ಅನುಮಾನದವಳು. ಕಿವಿರು ಬಿಡಿಸಿ ನೋಡದೆ ಈವರೆಗೆ ಒಂದು ಬಂಗುಡೆ ಮೀನು ಕೊಂಡವಳಲ್ಲ. ಅಂಥವಳ ಮನೆಗೆ ಹಟ್ಟಿಯಂಗಡಿಯ ಒಕ್ಕಲು ಮನೆತನದ ಹುಡುಗಿ ಸೊಸೆಯಾಗಿ ಬಂದಳು. ಮಗ ಮೆಚ್ಚಿದ್ದು. ಮದುವೆಗೆ ಮುಂಚೆ ಅವಳಾಗಿಯೇ ಕೇಳಿ ನಮ್ಮ ಇಗರ್ಜಿಯಲ್ಲಿ ದೀಕ್ಷಾಸ್ನಾನ ಪಡೆದಳು.

ತಲೆಗೆ ನೀರು ಬಿದ್ದ ಮಾತ್ರಕ್ಕೆ ಮನಸ್ಸು ಬದಲಾಗಿಬಿಡುತ್ತದೆಯೇ? ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ ತುಳಿದು ಸಾಕಿದ ಒಬ್ಬನೇ ಮಗ. ಇವಳು ಇವತ್ತಲ್ಲ ನಾಳೆ ಅವನನ್ನು ತನ್ನವರ ಕಡೆ ಕರೆದುಕೊಂಡು ಹೋಗುತ್ತಾಳೆ, ಈ ಮನೆಯಲ್ಲಿ ಪ್ರಾರ್ಥನೆ ಹೇಳಲು ನಾನೊಬ್ಬಳೇ ಉಳಿಯುತ್ತೇನೆ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ.

ಹಾಗಾಗಿ ಕಣ್ಣಿಟ್ಟೆ. ಸಂಜೆ ಜಪಸರ ಹಿಡಿದು ಕೂತಾಗ ಅವಳ ತುಟಿಯನ್ನೇ ನೋಡುತ್ತಿದ್ದೆ. ನನ್ನ ಮಣಿ ಎಲ್ಲಿಗೆ ಬಂತೆಂದು ನನಗೇ ತಪ್ಪುತ್ತಿತ್ತು. ಬ್ರಹ್ಮಾವರಕ್ಕೆ ಹೋಗುವಾಗ ಬಸ್ಸು ಕುಂಭಾಶಿ ದಾಟುತ್ತಿದ್ದಂತೆ ಅವಳ ಕೈ ಎದೆಗೆ ಹೋಯಿತು. ಶಿಲುಬೆಯ ಗುರುತೋ, ಅಲ್ಲಿನ ಆನೆಗುಡ್ಡೆ ಗಣಪತಿಗೆ ನಮಸ್ಕಾರವೋ? ಕೇಳಿದರೆ, "ಸರ ಸಿಕ್ಕಾಕಂಡಿತ್ ಅತ್ತೆ" ಎಂದಳು. ಯಾರಿಗೆ ಗೊತ್ತು!

ಕಳೆದ ಮೊಂತಿ ಹಬ್ಬದಲ್ಲಿ ಸಿಕ್ಕಿಬಿದ್ದಳು ಅಂದುಕೊಂಡೆ. ಅದು ಮರಿಯಮ್ಮನವರು ಹುಟ್ಟಿದ ದಿನ, ನಮಗೆ ಹೊಸ ಬೆಳೆಯ ಊಟ. ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ತಲೆಗೊಂದರಂತೆ ಮನೆಗೆ ತರುತ್ತೇವೆ. ಅದರ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರೂ ಕುಡಿದ ಮೇಲೆಯೇ ಊಟ. ನಮ್ಮ ಮೂರು ತೆನೆಯನ್ನು ದೇವರ ಪೀಠದ ಮೇಲಿಟ್ಟು ಬಾಳೆಲೆ ಕೊಯ್ಯಲು ಹಿತ್ತಿಲಿಗೆ ಹೋಗಿದ್ದೆ. ಬಂದು ನೋಡಿದರೆ ಪೀಠ ಖಾಲಿ.

ಒಂದು ತೆನೆ ಬಾಗಿಲ ದಾರಂದದಲ್ಲಿ ಮಾವಿನ ಎಲೆಯ ಜೊತೆ ನೇತಾಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹೊಸ ಬೆಳೆಯ ಹೊಸ್ತು ಹಬ್ಬಕ್ಕೆ ಹೀಗೆ ಕದಿರು ಕಟ್ಟುವುದು ಅವಳ ತವರಿನ ಕ್ರಮ. ಮಗನನ್ನು ಕೂಗಿದೆ, ಜಾಣ, ಕೋಣೆಯಿಂದ ಹೊರಗೇ ಬರಲಿಲ್ಲ.

"ಎಂತ ಹೆಣ್ಣೇ ಇದ್? ಪೀಠದ್ ತೆನೆ ನಿಂಗ್ ತೋರಣ ಕಟ್ಟುಕಾ?"

"ನಮ್ಮನಿಯಗೆ ಹೊಸ್ತಿಗೆ ಹೀಂಗೇ ಕಟ್ಟುದ್ ಅತ್ತೆ. ಇಲ್ಲೂ ಕಟ್ತ್ರ್ ಅಂದ್ಕಂಡೆ."

"ಉಳದ್ದೆರಡ್ ಎಲ್ಲ್?"

ಒಂದನ್ನು ಅಕ್ಕಿ ಡಬ್ಬಕ್ಕೆ ಕಟ್ಟಿದ್ದಳು. ಇನ್ನೊಂದು ನನ್ನ ಹೊಲಿಗೆ ಮೆಷಿನ್ನಿಗೆ, ನನ್ನದೇ ಕೆಂಪು ನೂಲಿನಲ್ಲಿ.

"ಹೊಟ್ಟಿಗ್ ಹಾಕುದ್ ಯಾವ್ದೋ ಅದಕ್ಕೂ ಕಟ್ಕ್ ಅಂತ್ರ್. ಅಪ್ಪಯ್ಯ ನೇಗಿಲಿಗ್ ಕಟ್ತಿದ್ರ್. ಈ ಮನೀಗ್ ಅನ್ನ ಹಾಕದ್ದ್ ಇದೇ ಅಲ್ದಾ?"

ಇಷ್ಟು ವರ್ಷ ಆ ಮೆಷಿನ್ನಿಗೆ ನಾನು ಬಿಟ್ಟ ಎಣ್ಣೆಯಲ್ಲದೆ ಯಾರೂ ಏನೂ ಕೊಟ್ಟವರಿಲ್ಲ, ಮಗನೂ ಇಲ್ಲ. ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಸೆಖೆ ಎಂದೆ.

ಬಾಗಿಲ ತೆನೆಯಿಂದ ಕಾಳು ಸುಲಿದು ಹಾಲಿಗೆ ಹಾಕಿದೆ. ಮೆಷಿನ್ನಿನದನ್ನು ಬಿಚ್ಚಲಿಲ್ಲ. ಅಷ್ಟರಲ್ಲಿ ಮಗನೂ ಬಂದು ಪ್ರಾರ್ಥನೆ ಹೇಳಿದ. ಹಿರಿಯಳಾದ ನಾನು ಮೊದಲು ಕುಡಿಯಬೇಕಿತ್ತು; ಮೊದಲ ಲೋಟವನ್ನು ಅವಳ ಕೈಗೆ ಕೊಟ್ಟೆ. ಕೊಟ್ಟು, ನುಂಗುತ್ತಾಳೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತಾ ಕೂತೆ. ಹುಟ್ಟುಗುಣ, ಏನು ಮಾಡುವುದು.

ಅವಳು ಪೂರ್ತಿ ಕುಡಿದು ಲೋಟವನ್ನು ನನ್ನ ಮುಖದ ಮುಂದೆ ಓರೆ ಮಾಡಿ ಹಿಡಿದಳು.

"ಖಾಲಿ, ಕಾಣಿ ಅತ್ತೆ. ಇವತ್ ಸಂಜಿಗಾರೂ ನನ್ನ್ ತುಟಿ ಕಾಣ್ದೆ, ಕಣ್ಮುಚ್ಚಿ ಜಪ ಮಾಡಿ."