ಮೂರು ಸೀನಿನ ಕರಾರು

ಸ್ಟೇಷನ್ ರಸ್ತೆಯಲ್ಲಿರುವ ನನ್ನ ಅಂಗಡಿ ನಡೆಯುವುದೇ ಕೆಟ್ಟ ಹವಾಮಾನದ ಮೇಲೆ. ಮಳೆಗಾಲಕ್ಕೆ ರೇನ್‌ಕೋಟ್, ಚಳಿಗೆ ಸ್ವೆಟರ್, ಬಿಸಿಲಿಗೆ ಟೊಪ್ಪಿಗೆ. ಇಪ್ಪತ್ತು ವರ್ಷದ ಹಿಂದೆ ಫುಟ್‌ಪಾತಿನ ಮೇಲೆ ತಾಡಪತ್ರಿ ಹಾಸಿ ಕೂತವಳು ನಾನು, ಈಗ ಶಟರ್ ಎತ್ತಿ ಒಳಗೆ ಹೋಗುತ್ತೇನೆ. ಮೋಡ ಕವಿದರೆ ವಿಜಯಪುರದ ಮಂದಿಯೆಲ್ಲ ಒಣಗಲು ಹಾಕಿದ ಬಟ್ಟೆ ಒಳಗೆ ಒಯ್ಯುತ್ತಾರೆ. ನಾನೊಬ್ಬಳು ಬಟ್ಟೆ ಹೊರಗೆ ತೂಗಿ ಹಾಕುತ್ತೇನೆ.

ಅಂಥ ನನ್ನನ್ನೇ ಎರಡು ವರ್ಷದ ಹಿಂದೆ ಮಳೆ ಹಿಡಿದು ಕೆಡವಿತು. ನಿಮೋನಿಯಾ. ಮೂರು ವಾರ ಹಾಸಿಗೆ. ನಮ್ಮ ಅತ್ತೆ ದಿನಕ್ಕೆರಡು ಸಲ ಬೆನ್ನಿಗೆ ಎಣ್ಣೆ ತಿಕ್ಕಿ, ಗಂಜಿ ಕುಡಿಸಿ, ನಡುನಡುವೆ ದೇವರನ್ನೂ ನನ್ನನ್ನೂ ಸಮನಾಗಿ ಬೈದು ಬದುಕಿಸಿಕೊಂಡರು. ಎದ್ದ ಮೇಲೆ ಡಾಕ್ಟರು, "ದಿನಾ ಒಂದು ತಾಸು ನಡೀರಿ, ಎದಿಗೆ ಕೆಲಸ ಬೇಕು" ಅಂದರು. ನಾನು ಚೌಕಾಸಿ ಮಾಡಿ ಅರ್ಧ ತಾಸಿಗೆ ಇಳಿಸಿದೆ. ಅವರಿಗೆ ಗೊತ್ತಾಗದೆ ಹೋದ ಸಂಗತಿಯೆಂದರೆ, ನಾನು ಕಾಲು ತಾಸಿಗೂ ತಯಾರಿರಲಿಲ್ಲ.

ನಡೆಯಲು ಹೋದವಳು ಓಡತೊಡಗಿದ್ದು ನಮ್ಮ ಓಣಿಯ ತುದಿಯ ನಾಯಿಗಳಿಂದ. ಮೊದಲ ದಿನ ಅವು ಬೆನ್ನು ಹತ್ತಿದವು, ನಾನು ಓಡಿದೆ, ಎರಡು ಲೈಟು ಕಂಬ ದಾಟಿದ ಮೇಲೆ ನೋಡಿದರೆ ಅವು ಬಿಟ್ಟು ಹೋಗಿದ್ದವು, ನಾನು ಬಿಟ್ಟಿರಲಿಲ್ಲ. ಮಜಾ ಅನ್ನಿಸಿತು. ನೀವು ಹಾಗೆ ಮಾಡಬೇಡಿ. ನಾಯಿ ಬಂದರೆ ನಿಂತು, ಬಗ್ಗಿ, ಕಲ್ಲು ಎತ್ತಿದ ಹಾಗೆ ಮಾಡಿ. ಅಲ್ಲಿ ಕಲ್ಲು ಇರಲೇಬೇಕೆಂದಿಲ್ಲ. ಕೊಳ್ಳುವ ಗಿರಾಕಿ ಯಾರು, ಬರೀ ರೇಟು ಕೇಳುವ ಗಿರಾಕಿ ಯಾರು ಎಂದು ನಾಯಿಗೆ ತಿಳಿಯುವುದಿಲ್ಲ.

ಕತ್ತಲಲ್ಲೇ ಯಾಕೆ ಓಡಬೇಕು ಅಂದರೆ, ನಲವತ್ತೇಳು ವರ್ಷದ ಸೊಸೆ ಹಾಸ್ಟೆಲಿನಲ್ಲಿರುವ ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹಗಲಿನಲ್ಲಿ ಓಡಿದರೆ ಏನೋ ಕಳುವಾಗಿದೆಯೆಂದು ನಾಲ್ಕು ಮಂದಿ ಹಿಂದೆ ಓಡಿ ಬರುತ್ತಾರೆ. ಅದಕ್ಕೆ ಬೆಳಗಿನ ಪಾವು ಕಮ್ಮಿ ಐದಕ್ಕೆ, ಅಂದರೆ ನಾಲ್ಕೂ ಮುಕ್ಕಾಲಿಗೆ ಹೊರಡುವುದು. ಬಾಬಲೇಶ್ವರದ ನನ್ನ ತವರಿನವರಿಗೂ ಹೇಳಿರಲಿಲ್ಲ. ನನ್ನ ತಮ್ಮ ಮೀಸೆಯಲ್ಲೇ ನಗುವ ಮನುಷ್ಯ, ಅವನ ಬಾಯಿಗೆ ಬೀಳಲು ಮನಸ್ಸಾಗಲಿಲ್ಲ.

ಜೊತೆಗೆ ಪಕ್ಕದ ಮನೆಯ ಟೀಚರು. ತಲೆತಲಾಂತರದಿಂದ ನಮ್ಮ ಓಣಿಯಲ್ಲೇ ಇರುವ ಮುಸ್ಲಿಂ ಮನೆತನ ಅವರದು. ಟಿಕೋಟಾದ ಸಾಲೆಯಲ್ಲಿ ಕಲಿಸುತ್ತಾರೆ, ಏಳೂವರೆಯ ಬಸ್ಸು ಹಿಡಿಯಬೇಕು, ಹಾಗಾಗಿ ಅವರಿಗೂ ಕತ್ತಲೇ ಬೇಕು. ತಲೆಗೆ ಬಿಗಿಯಾಗಿ ದುಪಟ್ಟಾ ಸುತ್ತಿ ಅವರು ಓಡಿದರೆ ನಾನು ಅವರ ಹಿಮ್ಮಡಿ ನೋಡುತ್ತ ಓಡಬೇಕು. ನಮ್ಮ ಅತ್ತೆ ಅವರನ್ನು ಕರೆಯುವುದು "ಟಿಕೋಟಾದ ಮಾಸ್ತರ" ಎಂದು. ಹೆಣ್ಣುಮಕ್ಕಳಿಗೆ ಹಾಗನ್ನುವುದಿಲ್ಲ, ಅಕ್ಕೋರು ಅನ್ನಬೇಕು ಎಂದು ಎಷ್ಟು ಹೇಳಿದರೂ, "ಸಾಲಿ ಕಲಸಾವ್ರೆಲ್ಲಾ ಮಾಸ್ತರನ" ಎಂಬುದು ಅವರ ಉತ್ತರ.

ಹೋದ ವರ್ಷ ಜೂನಿನಲ್ಲಿ ಮಿರಗದ ಮಳೆ ಕೂಡುವ ದಿನ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮಳಿಗಾಲದಾಗ ಓಡೂದು ಬಂದ್. ಇನ್ನೊಮ್ಮಿ ನಿನ್ನ ಬೆನ್ನ ತಿಕ್ಕಾಕ ನನ್ನ ಕೈಯಾಗ ಕಸುವಿಲ್ಲ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಆದರೆ ನನ್ನ ಎದೆ ಗಟ್ಟಿಯಾಗಿದ್ದೇ ಆ ಓಟದಿಂದ. ಬಿಟ್ಟರೆ ಮತ್ತೆ ಹಾಸಿಗೆಯೇ ಎಂದು ನನಗೆ ಖಾತ್ರಿಯಿತ್ತು. ವ್ಯಾಪಾರಕ್ಕೆ ಕೂತೆ.

"ಕರಾರ ಮಾಡೂಣ್ರಿ ಅತ್ಯಾರ. ನನಗ ಥಂಡಿ ಹತ್ತಿದ್ರ ತಾನಾಗೇ ಬಿಡ್ತೀನಿ."

"ಒಂದ ಸೀನು ಬರಲಿ, ಮುಗೀತು."

"ಒಂದ ಸೀನು ಯಾರಿಗರ ಬರ್ತೈತ್ರಿ. ಹತ್ತು ಅನ್ರಿ."

"ಹತ್ತರ ಮಟಾ ಎಣಿಸ್ಕೋಂತ ಕುಂತ್ರ ದವಾಖಾನಿ ಬರ್ತೈತಿ. ಎರಡು."

"ಐದು."

"ಮೂರು. ಇನ್ನೊಂದ ಮಾತಾಡಿದಿ ಅಂದ್ರ ಎರಡಕ್ಕ ಇಳೀತೀನಿ."

ಮೂರಕ್ಕೆ ಕುದುರಿತು. ಒಂದೇ ಸಲಕ್ಕೆ ಸಾಲಾಗಿ ಮೂರು ಸೀನು ಬಂದರೆ ಓಟ ಕಾಯಂ ಬಂದ್. ಮೆಣಸಿನಕಾಯಿ ಹುರಿದಾಗ ಬಂದದ್ದು, ಊದುಬತ್ತಿಗೆ ಬಂದದ್ದು ಲೆಕ್ಕಕ್ಕಿಲ್ಲ. ಮೂಗು ಹಿಡಿದು ಸೀನು ನುಂಗಿದರೆ ಮೋಸ. ನಾಲ್ಕು ತಿಂಗಳು ಕಳೆದು ಹಸ್ತಿ ಮಳೆ ಮುಗಿಯುವವರೆಗೆ ದಾಟಿದರೆ ಅತ್ತೆ ಜನ್ಮದಲ್ಲಿ ಮತ್ತೆ ಮಾತೆತ್ತುವಂತಿಲ್ಲ. ಪೇಪರು ಓದುತ್ತಿದ್ದ ನನ್ನ ಗಂಡನನ್ನು ಸಾಕ್ಷಿ ಹಾಕಲು ಕರೆದರೆ, ಅವರು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು.

ಆ ನಾಲ್ಕು ತಿಂಗಳು ನಾನು ನನ್ನ ಮೂಗನ್ನು ಗಾಜಿನ ಸಾಮಾನಿನ ಹಾಗೆ ಕಾಪಾಡಿದೆ. ಕಲಿತದ್ದನ್ನು ಹೇಳಿಬಿಡುತ್ತೇನೆ, ಬೇಕಾದವರು ಇಟ್ಟುಕೊಳ್ಳಿ. ರೇನ್‌ಕೋಟ್ ಹಾಕಿಕೊಂಡು ಓಡಬೇಡಿ. ಮಾರುವವಳೇ ಹೇಳುತ್ತಿದ್ದೇನೆ, ಒಳಗಿನ ಬೆವರಿಗೆ ಹೊರಗಿನ ಮಳೆಗಿಂತ ಹೆಚ್ಚು ನೆನೆಯುತ್ತೀರಿ. ಮಳೆಯಲ್ಲಿ ಓಡಿದರೆ ಏನೂ ಆಗುವುದಿಲ್ಲ, ಓಡಿ ಬಂದು ತೊಯ್ದ ಬಟ್ಟೆಯಲ್ಲಿ ಹರಟೆ ಹೊಡೆಯುತ್ತ ನಿಂತರೆ ಆಗುತ್ತದೆ. ಬಂದ ಕೂಡಲೇ ಮೊದಲು ತಲೆ ಒರೆಸಿ, ಆಮೇಲೆ ಕಾಲು, ಆಮೇಲೆ ಮಾತು. ಬೂಟಿನಲ್ಲಿ ಹಳೆಯ ಪೇಪರು ತುರುಕಿ ಇಡಿ, ಮರುದಿನಕ್ಕೆ ಒಣಗಿರುತ್ತದೆ. ಗಾಡಿಗಳ ನಂಬರು ಪ್ಲೇಟು ಬರೆಯುವವರ ಹತ್ತಿರ ರೇಡಿಯಂ ಪಟ್ಟಿಯ ತುಂಡುಗಳು ಉಳಿದಿರುತ್ತವೆ. ಸುಮ್ಮನೆ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಅವನ್ನು ಬೆನ್ನಿಗೆ, ತೋಳಿಗೆ ಹಚ್ಚಿಕೊಳ್ಳಿ, ಕತ್ತಲಲ್ಲಿ ಲಾರಿಯವರಿಗೆ ಕಾಣುತ್ತೀರಿ. ನಾನು ಕೆಂಪು, ಹಳದಿ ಎಲ್ಲ ಹಚ್ಚಿಕೊಂಡಿದ್ದೆ. ಟೀಚರು, "ಅಕ್ಕಾರ, ಹಿಂದಿನಿಂದ ನೋಡಿದ್ರ ಟ್ರ್ಯಾಕ್ಟರ್ ಟ್ರೇಲರ್ ಕಂಡಂಗ ಕಾಣ್ತೀರಿ" ಅನ್ನುತ್ತಿದ್ದರು.

ಇಟ್ಟಂಗಿಹಾಳದ ಕಡೆಯ ರಸ್ತೆ ಆ ಹೊತ್ತಿಗೆ ನಮ್ಮಿಬ್ಬರದೇ. ಎರಡೂ ಬದಿಗೆ ತೊಗರಿ, ಮೇಲೆ ಕಾಣದ ಆಕಾಶ, ಮೂಗಿಗೆ ಎರೆಮಣ್ಣಿನ ವಾಸನೆ. ಬ್ಯಾಟರಿಯ ಬೆಳಕಿನಲ್ಲಿ ಮುಂದೆ ಹತ್ತು ಹೆಜ್ಜೆ ಮಾತ್ರ ಕಾಣುತ್ತದೆ, ಹತ್ತೇ ಹೆಜ್ಜೆ ಓಡಿದರೆ ಸಾಕು ಅನ್ನಿಸುತ್ತದೆ, ಆ ಹತ್ತು ಮುಗಿದರೆ ಇನ್ನೂ ಹತ್ತು ಕಾಣುತ್ತದೆ. ಕೆಲವು ದಿನ ಯಾಕೆಂದು ತಿಳಿಯದೆ ಜೋರಾಗಿ ಕೂಗುತ್ತಿದ್ದೆ. ತೊಗರಿಯೊಳಗಿಂದ ನರಿ ಉತ್ತರ ಕೊಟ್ಟದ್ದೂ ಉಂಟು. ಟೀಚರು ಅದು ನರಿಯಲ್ಲ, ಹೊಲ ಕಾಯುವವರು ಬೈದದ್ದು ಅನ್ನುತ್ತಾರೆ.

ಹಸ್ತಿ ಮಳೆ ಮುಗಿಯಲು ಇನ್ನು ಮೂರೇ ದಿನ ಉಳಿದಿದ್ದವು. ಅವತ್ತು ರಾತ್ರಿಯಿಂದಲೇ ಹನಿ ಹಿಡಿದಿತ್ತು, ಓಣಿಯಲ್ಲಿ ಕರೆಂಟಿರಲಿಲ್ಲ. ಫೋನು ತೊಯ್ದೀತೆಂದು ಮನೆಯಲ್ಲೇ ಬಿಟ್ಟು ಹೋದೆ. ಅದೇ ತಪ್ಪಾಯಿತು. ಐದೂಕಾಲಿಗೆ ನನ್ನ ತಮ್ಮ ಬಾಬಲೇಶ್ವರದಿಂದ ಫೋನು ಮಾಡಿದ್ದಾನೆ. ಅವನ ಎಮ್ಮೆ ಈದಿತ್ತು, ಗಿಣ್ಣದ ಹಾಲು ಕೆಡುವುದರೊಳಗೆ ಮೊದಲ ಬಸ್ಸಿಗೆ ಕಳಿಸಲೇ ಎಂದು ಕೇಳಲು. ಎತ್ತಿದವರು ಅತ್ತೆ. ಅವರ ಹಲ್ಲಿನ ಸೆಟ್ಟು ಇನ್ನೂ ಲೋಟದ ನೀರಿನಲ್ಲಿತ್ತು. "ಓಡಾಕ ಹೋಗ್ಯಾಳ" ಅಂತಲೇ ಅಂದೆ ಎಂದು ಅವರು ಇವತ್ತಿಗೂ ಆಣೆ ಮಾಡುತ್ತಾರೆ. ತಮ್ಮನ ಕಿವಿಗೆ ಬಿದ್ದದ್ದು ಬೇರೆ. ಇಬ್ಬರ ಬಾಯಿಯಿಂದಲೂ ಕೇಳಿ ಜೋಡಿಸಿದ್ದು ಇಷ್ಟು:

"ಅಕ್ಕ ಎಲ್ಲಿ ಅದಾಳ್ರಿ ಅತ್ಯಾರ?"

"ಓಡಿ ಹೋಗ್ಯಾಳ."

"ಏನಂದ್ರಿ?"

"ಓಡಿ ಹೋಗ್ಯಾಳೋ ಯಪ್ಪಾ. ಕಿವಿ ಮಂದ ಆಗ್ಯಾವೇನು?"

"ಯಾರ ಜೋಡಿ?"

"ಮತ್ತ್ಯಾರ ಜೋಡಿ, ಆ ಟಿಕೋಟಾದ ಮಾಸ್ತರ ಜೋಡಿ."

"ಯಾವಾಗ್ರಿ?"

"ಅರ್ಧಾ ತಾಸ ಆತು. ಕತ್ತಲಾಗ ಹೋದ್ರ ಯಾರ ಕಣ್ಣಿಗೂ ಬೀಳಂಗಿಲ್ಲ ಅಂತಾಳ."

"ಮಾವಗ ಗೊತ್ತೈತೇನ್ರಿ ಇದು?"

"ನನ್ನ ಮಗಗ ಎಲ್ಲಾ ಗೊತ್ತೈತಿ. ಎಷ್ಟೋ ತಿಂಗಳಿಂದ ನಡದೈತಿ. ಅವ ಮಕ್ಕೊಂಡಾನ."

"ಮತ್ತ ನೀವು ಸುಮ್ಮ ಕುಂತೀರಿ?"

"ನಾ ಏನ್ ಮಾಡ್ಲೋ ತಮ್ಮಾ, ಕರಾರ ಮಾಡೀನಿ. ಇನ್ನ ಮೂರ ದಿನ. ಆಮ್ಯಾಲ ನಾ ಏನೂ ಅನ್ನಂಗಿಲ್ಲ."

ತಮ್ಮ ಫೋನು ಇಟ್ಟವನೇ ಬೈಕು ಹತ್ತಿದ. ಕೈಯಲ್ಲಿದ್ದ ಗಿಣ್ಣದ ಕ್ಯಾನನ್ನು ಕೆಳಗಿಡಲೂ ತೋಚದೆ ಹ್ಯಾಂಡಲಿಗೇ ಸಿಕ್ಕಿಸಿಕೊಂಡು, ಸುರಿಯುವ ಮಳೆಯಲ್ಲಿ, ಓಡಿ ಹೋದ ಅಕ್ಕನನ್ನು ತಿರುಗಿ ತರಲು ಹೊರಟ. ರೇನ್‌ಕೋಟ್ ಹಾಕಿರಲಿಲ್ಲ. ಅಂಗಡಿ ಇಟ್ಟ ಅಕ್ಕ ವರ್ಷಕ್ಕೊಂದು ಕೊಟ್ಟರೂ ಅವನ ಹಣೆಬರಹ ಅಷ್ಟೆ.

ನಾವಿಬ್ಬರೂ ತೊಯ್ದು ತೊಪ್ಪೆಯಾಗಿ ಓಣಿಗೆ ತಿರುಗುವುದಕ್ಕೂ ಅವನ ಬೈಕು ನಮ್ಮ ಮನೆಯ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ಹೆಡ್‌ಲೈಟಿಗೆ ನನ್ನ ಮೈಮೇಲಿನ ರೇಡಿಯಮ್ಮೆಲ್ಲ ಝಗ್ಗೆಂದು ಹೊಳೆಯಿತು. ತಮ್ಮ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಗಲ್ಲದ ಮೇಲೆ ಇಳಿಯುತ್ತಿದ್ದುದು ಮಳೆಯೋ ಕಣ್ಣೀರೋ ಗೊತ್ತಾಗಲಿಲ್ಲ.

"ತಿರುಗಿ ಬಂದಿಯಲ್ಲಕ್ಕಾ, ಸಾಕು. ಆದದ್ದಾತು. ನಾ ಮಾವಗ ತಿಳಿಸಿ ಹೇಳ್ತೀನಿ. ಅವಾ ಎಲ್ಲದಾನ?"

"ಯಾರೋ?"

"ಅವನ, ಟಿಕೋಟಾದ ಮಾಸ್ತರ. ಸಿಗಲಿ, ಅವನ ಕಾಲ ಮುರೀತೀನಿ."

ನನ್ನ ಹಿಂದಿನಿಂದ ಟೀಚರು ಬ್ಯಾಟರಿಯನ್ನು ತಮ್ಮದೇ ಮುಖಕ್ಕೆ ಹಿಡಿದುಕೊಂಡು ಮುಂದೆ ಬಂದರು.

"ನಾನ ರೀ ಅಣ್ಣಾರ, ಆ ಮಾಸ್ತರ. ಯಾವ ಕಾಲು ಮುರೀತೀರಿ ಹೇಳ್ರಿ. ಬಲಗಾಲ ಮೊದಲ ನೋಯಾಕತ್ತೈತಿ."

ಅಷ್ಟು ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದು, "ಏನೋ ತಮ್ಮಾ, ಓಡಾಕ ಹೋದಾಕಿನ್ನ ಹುಡುಕ್ಕೋಂತ ಬಾಬಲೇಶ್ವರದಿಂದ ಬಂದಿ?" ಅಂದರು. ತಮ್ಮನಿಗೆ ಆಗ ತಿಳಿಯಿತು. ಅವನ ಮೀಸೆ ಒಂದು ಬದಿಗೆ ನಡುಗಿತು, ಆಮೇಲೆ ಇನ್ನೊಂದು ಬದಿಗೆ. ಟೀಚರು ಕಟ್ಟೆಯ ಮೇಲೆ ಕುಸಿದು ಕೂತರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕೆ, ನಿಲ್ಲಿಸಿದೆ, ಬೈಕಿನ ಹ್ಯಾಂಡಲಿಗೆ ತೂಗುತ್ತಿದ್ದ ಗಿಣ್ಣದ ಕ್ಯಾನು ನೋಡಿದೆ, ಮತ್ತೆ ನಕ್ಕೆ. ಓಡಿ ಹೋದವಳಿಗೆ ಗಿಣ್ಣ ತಂದ ತಮ್ಮ ಈ ಜಿಲ್ಲೆಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ.

ನಗುತ್ತ ನಗುತ್ತಲೇ ಒಳಗೆ ಬಂದೆವು. ಕತ್ತಲು ಕೋಣೆ, ಅಡುಗೆಮನೆಯಲ್ಲಿ ಮಾತ್ರ ಮೇಣದಬತ್ತಿ. ಅತ್ತೆ ಚಹಾಕ್ಕೆ ಇಡಲು ಅತ್ತ ಹೋದರು. ತೊಯ್ದ ಬಟ್ಟೆಯಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ, ಮೂಗಿನ ಬುಡದಲ್ಲಿ ಇರುವೆ ಹರಿದಂತಾಯಿತು.

ಸೀನಿದೆ.

"ಒಂದು" ಎಂದು ಅಡುಗೆಮನೆಯಿಂದ ಧ್ವನಿ ಬಂತು.

ಇನ್ನೊಂದು.

"ಎರಡು."

ಪಾತ್ರೆಯ ಸಪ್ಪಳ ನಿಂತಿತು. ನಾಲ್ಕು ತಿಂಗಳ ಓಟ ನನ್ನ ಮೂಗಿನ ತುದಿಯಲ್ಲಿ ಬಂದು ಕೂತಿತ್ತು. ಮೂಗು ಹಿಡಿಯುವಂತಿಲ್ಲ, ಹಾಗೆಂದು ನಾನೇ ಒಪ್ಪಿದ್ದೆ. ತಲೆ ಎತ್ತಿ ಮಾಳಿಗೆಯ ಕಡೆ ನೋಡಿದೆ, ನಾಲಗೆಯನ್ನು ಅಂಗುಳಕ್ಕೆ ಒತ್ತಿದೆ. ಏನು ಮಾಡಿದರೂ ಅದು ಬಂತು, ಮೊದಲೆರಡರ ಅಪ್ಪನ ಹಾಗೆ ಬಂತು.

ಅತ್ತೆ ಮೇಣದಬತ್ತಿ ಹಿಡಿದು ಬಾಗಿಲಲ್ಲಿ ನಿಂತರು. "ಮೂರು."

ಆಗ ನನ್ನ ತಮ್ಮ, ಮೀಸೆ ಒರೆಸಿಕೊಂಡು, "ಅದು ನಂದ್ರಿ ಅತ್ಯಾರ" ಅಂದ.

"ನಿಂದು?"

"ಹೂಂನ್ರಿ. ಬೈಕಿನ ಮ್ಯಾಲ ಭಾಳ ತೊಯ್ದೀನಿ."

ಟೀಚರೂ ಸಾಕ್ಷಿ ಹೇಳಿದರು. ಸಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವರು, ಕಣ್ಣು ಮಿಟುಕಿಸದೆ, "ಗಂಡಸರ ಸೀನು ರೀ ಅದು, ಧ್ವನಿ ದಪ್ಪ ಇತ್ತು" ಅಂದರು.

ಅತ್ತೆ ಬತ್ತಿಯನ್ನು ಅವನ ಮುಖಕ್ಕೆ ಹಿಡಿದರು, ನನ್ನ ಮುಖಕ್ಕೆ ಹಿಡಿದರು. "ಹಂಗಾರ ಇವಗ ಥಂಡಿ ಹತ್ತೈತಿ" ಅಂದರು. ಅಷ್ಟೇ.

ತಮ್ಮನಿಗೆ ತಾನು ಕೊಂಡದ್ದೇನು ಎಂದು ತಿಳಿದದ್ದು ಆಮೇಲೆ. ಕಂಬಳಿ ಹೊದಿಸಿ ಬಿಸಿನೀರಿನ ಹಬೆ ಹಿಡಿಸಿದರು. ಮೆಣಸು, ಶುಂಠಿ, ಅಜವಾನದ ಕಷಾಯವನ್ನು ತಾಸಿಗೊಮ್ಮೆ ಕುಡಿಸಿದರು. ಅಂಗಾಲಿಗೆ ಬೆಳ್ಳುಳ್ಳಿ ಎಣ್ಣೆ ತಿಕ್ಕಿದರು. ಥಂಡಿಯವರಿಗೆ ಗಿಣ್ಣ ಆಗದೆಂದು ಅವನ ಎಮ್ಮೆಯ ಗಿಣ್ಣವನ್ನು ಅವನ ಕಣ್ಣೆದುರೇ ನಾವು ತಿಂದೆವು. ಕಂಬಳಿಯೊಳಗಿಂದ, "ಅಕ್ಕಾ, ನೀ ಖರೇನ ಓಡಿ ಹೋಗಿದ್ರ ಚಲೋ ಇತ್ತು" ಎಂಬ ದನಿ ಬರುತ್ತಿತ್ತು.

ಅವತ್ತು ಮಲಗುವ ಮೊದಲು ಅತ್ತೆ ನನ್ನ ಬಳಿ ಬಂದು, "ಅತ್ಲಾಗ ಹೊಳ್ಳು" ಅಂದರು. ಹೊರಳಿದೆ. ಬೆನ್ನಿಗೆ ಬೆಚ್ಚನೆಯ ಎಣ್ಣೆ ಬಿತ್ತು. ಕಸುವಿಲ್ಲ ಅಂದ ಕೈಯಿಂದ ಬಹಳ ಹೊತ್ತು ತಿಕ್ಕಿದರು. ಮೂರನೆಯ ಸೀನು ಯಾರದೆಂದು ಆ ಮನೆಯಲ್ಲಿ ಗೊತ್ತಿಲ್ಲದವರು ಬೆಳಗಿನ ಗದ್ದಲದಲ್ಲೂ ಮಲಗೇ ಇದ್ದ ನನ್ನ ಗಂಡ ಒಬ್ಬರೇ.

ಬೆಳಿಗ್ಗೆ ಕತ್ತಲಲ್ಲಿ ಎದ್ದು ಬೂಟು ಹುಡುಕುತ್ತಿದ್ದಾಗ ಹಣೆಯ ಮೇಲೆ ಒಂದು ಒಣ ಅಂಗೈ ಬಂದು ಕೂತಿತು. ಕೊರಳಿಗೆ ಇಳಿಯಿತು, ಕಿವಿಯ ಹಿಂದೆ ಹೋಯಿತು, ಮತ್ತೆ ಹಣೆಗೆ ಬಂತು. ಎಂಥೆಂಥ ಹೋಲ್‌ಸೇಲ್ ವ್ಯಾಪಾರಿಗಳ ಎದುರು ಕೂತಿದ್ದೇನೆ, ಅಷ್ಟು ಹೊತ್ತು ಯಾರೂ ನನ್ನನ್ನು ಕಾಯಿಸಿರಲಿಲ್ಲ.

"ಬೆಚ್ಚಗಿಲ್ಲ" ಅಂದರು ಅತ್ತೆ. ತಾವೇ ಹೋಗಿ ಬಾಗಿಲಿನ ಅಗಳಿ ತೆಗೆದರು.

ಹೊರಗೆ ಟೀಚರು ನಿಂತಿದ್ದರು. ನನ್ನನ್ನು ಕಂಡವರೇ ಗಂಡಸಿನ ದಪ್ಪ ಧ್ವನಿ ಮಾಡಿ ಸೀನಿದರು. ಓಣಿ ದಾಟುವವರೆಗೆ ಹೇಗೋ ತಡೆದುಕೊಂಡೆ. ಇಟ್ಟಂಗಿಹಾಳದ ರಸ್ತೆಗೆ ಬಿದ್ದ ಮೇಲೆ ಆಗಲಿಲ್ಲ. ನಕ್ಕರೆ ಓಡಲಾಗದು, ಓಡಿದರೆ ನಗಲಾಗದು, ನಾವು ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಪಕ್ಕೆ ಹಿಡಿದುಕೊಂಡು ರಸ್ತೆಯ ನಡುವೆ ಬಗ್ಗಿ ನಿಂತೆವು. ಹಾಗೆ ಪಕ್ಕೆ ಹಿಡಿದರೆ ಗಾಬರಿಯಾಗಬೇಡಿ. ಎರಡೂ ಕೈ ತಲೆಯ ಮೇಲಿಟ್ಟು ನಿಧಾನವಾಗಿ ಉಸಿರು ಬಿಡಿ, ಜೊತೆಗಿರುವವರ ಮುಖ ಮಾತ್ರ ನೋಡಬೇಡಿ.