ಪಿಯಾನೊ ಮಾರಲೊಪ್ಪದ ಚಾಚಾ

ಗೆಳೆಯರೇ, ಇವತ್ತು ಆಳಂದದಲ್ಲಿ ಒಬ್ಬರು ತಮ್ಮ ಪಿಯಾನೊವನ್ನು ನನಗೆ ಮಾರಲು ಒಪ್ಪಲೇ ಇಲ್ಲ! ಆರ್ಕೆಸ್ಟ್ರಾದಲ್ಲಿ ನುಡಿಸಿ ಈಗ ನಿವೃತ್ತರಾದ ಚಾಚಾ ಅವರು. ನಾನು ಊರೂರಿಗೆ ಹೋಗಿ ವಚನ ಹಾಡುವವಳು, ಪಿಯಾನೊ ಮಾರಾಟಕ್ಕಿದೆ ಎಂದು ಕೇಳಿ ಅವರ ಮನೆಗೆ ಹೋಗಿದ್ದೆ. ಅವರ ಹಳೆಯ ಡಿಜಿಟಲ್ ಸ್ಟೇಜ್ ಪಿಯಾನೊ ಮೇಲೆ ಬೆರಳಿಟ್ಟದ್ದೇ ತಡ, ಆ ನಾದಕ್ಕೆ ಸೋತುಹೋದೆ.

“ಕಾರ್ಯಕ್ರಮಕ್ಕ ಹ್ಯಾಂಗ ಹೋಗ್ತೀರಿ?” ಎಂದರು ಚಾಚಾ.

“ಕರಜಗಿ ಇರ್ಲಿ, ಕೊಳಕೂರ ಇರ್ಲಿ, ಬಸ್ಸಿನಾಗೇ ಹೋಗ್ತೇನ್ರಿ.”

“ಹಂಗಾದ್ರ ಇದನ್ನ ಎತ್ತಿಕೊಂಡು ಗೇಟಿನ ತನಕ ಹೋಗಿ ಬರ್ರಿ.”

ಹೆಣ್ಣೆಂದು ಹೀಗೆ ಪರೀಕ್ಷಿಸುತ್ತಾರೆಂದು ಸಿಟ್ಟು ಬಂತು. ಎತ್ತಿಯೇಬಿಟ್ಟೆ. ಹೊಸ್ತಿಲು ದಾಟುವಷ್ಟರಲ್ಲಿ ಉಸಿರು ಕಟ್ಟಿತು. ಚಾಚಾ ಓಡಿಬಂದು ಇನ್ನೊಂದು ತುದಿ ಹಿಡಿದರು.

“ಇದನ್ನ ಹೊತ್ತು ಹೊತ್ತೇ ನನ್ನ ಸೊಂಟ ಹೋಗ್ಯಾದ ಬೇಟಿ. ನಿನಗ ಹಗುರಂದು ಬೇಕು. ಇದನ್ನ ನುಡಿಸಬೇಕು ಅನಿಸಿದಾಗ ಇಲ್ಲಿಗೇ ಬಾ, ಯಾರೂ ಬ್ಯಾಡ ಅನ್ನಂಗಿಲ್ಲ.”

ಮಾರಿ ಕೈತೊಳೆದುಕೊಳ್ಳಬಹುದಿತ್ತು. ನನ್ನ ಬೆನ್ನಿನ ಚಿಂತೆ ಮಾಡಿದರಲ್ಲ! ಕಣ್ಣು ತುಂಬಿ ಬಂತು.

ಚಹಾ ತಂದ ಚಾಚಿ ಮಾತ್ರ ಸಿಡುಕಿದರು: “ನೀವು ಮೂರನೆಯವ್ರು ನೋಡ್ರಿ. ಕೊಳ್ಳಾಕ ಬಂದೋರಿಗೆಲ್ಲಾ ಏನಾರ ಒಂದು ನೆವ ಹೇಳಿ ಕಳಸ್ತಾರ!”

ನೆವವೇ ಇದ್ದರೂ ಇರಲಿ, ನನ್ನ ಸೊಂಟವಂತೂ ಉಳಿಯಿತು. ಶುಕ್ರಿಯಾ ಚಾಚಾ.